ಯುದ್ಧಕಾಲದ ಇಂಗ್ಲೆಂಡ್: ಬಟ್ಟೆಗೆ ಕೂಪನ್, ಕೂದಲಿಗೆ ಇಲ್ಲ

ಹಳೇ ಫೋಟೋ:
ಎಲ್ಲರಿಗೂ ನಮಸ್ಕಾರ. ಎರಡನೇ ಮಹಾಯುದ್ಧದ ಕಾಲದ ಇಂಗ್ಲೆಂಡಿನ ಫೋಟೋಗಳನ್ನು ನೋಡ್ತಾ ಇದ್ದೆ. ಹೆಂಗಸರ ಬಟ್ಟೆ ತೀರಾ ಸಾದಾ. ಮೊಣಕಾಲಿನವರೆಗೆ ಸ್ಕರ್ಟು, ಚೌಕ ಭುಜದ ಕೋಟು, ಹುಡುಕಿದರೂ ಒಂದು ಲೇಸ್ ಕಾಣಲ್ಲ. ಆದರೆ ತಲೆ ನೋಡಿದರೆ ಮುಂದೆ ಎರಡು ದೊಡ್ಡ ಸುರುಳಿ, ಹಿಂದೆ ಗುಂಗುರು, ಅದರ ಮೇಲೊಂದು ಟೋಪಿ. ಮೈಗೆ ಬಟ್ಟೆ ಸಾಲದ ಕಾಲದಲ್ಲಿ ತಲೆಗೆ ಇಷ್ಟು ಶೋಕಿ ಹೇಗೆ? ಗಂಡಸರಂತೂ ಎಲ್ಲರೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗಿದ್ದಾರೆ. ಇದೆಲ್ಲ ಯುದ್ಧದ ಅಭಾವದಿಂದ ಬಂದಿದ್ದಾ? ತಿಳಿದವರು ಹೇಳಿ.

ಹಾಸನದ ಮೇಷ್ಟ್ರು:
ಹೆಚ್ಚಿನ ಪಾಲು ಹೌದು. 1941ರ ಜೂನ್ 1, ಭಾನುವಾರ. ಅಲ್ಲಿನ ಸರ್ಕಾರದ ವ್ಯಾಪಾರ ಇಲಾಖೆಯಾದ ಬೋರ್ಡ್ ಆಫ್ ಟ್ರೇಡ್‌ನ ಮುಖ್ಯಸ್ಥ ಆಲಿವರ್ ಲಿಟಲ್ಟನ್ ರೇಡಿಯೋದಲ್ಲಿ ಬಂದು ಇವತ್ತಿನಿಂದ ಬಟ್ಟೆಗೂ ರೇಷನ್ ಎಂದರು. ಮೊದಲೇ ಸುಳಿವು ಸಿಕ್ಕಿದ್ದರೆ ಜನ ಅಂಗಡಿಗಳನ್ನು ಗುಡಿಸಿ ಹಾಕುತ್ತಿದ್ದರು. ಅದಕ್ಕೇ ಕೊನೇ ಗಳಿಗೆಯವರೆಗೂ ಗುಟ್ಟು. ಜನರ ಕೈಯಲ್ಲಿ ಬಟ್ಟೆಯ ಕೂಪನ್ ಇನ್ನೂ ಇರಲಿಲ್ಲ. ಹಾಗಾಗಿ ಊಟದ ರೇಷನ್ ಪುಸ್ತಕದಲ್ಲಿ ಉಳಿದಿದ್ದ ಮಾರ್ಗರಿನ್ (ಬೆಣ್ಣೆಯ ಬದಲಿಗೆ ಬಳಸುವ ಕೊಬ್ಬು) ಕೂಪನ್ನುಗಳನ್ನೇ ಬಟ್ಟೆಗೆ ಬಳಸಿ ಎಂದರು!

ಮೊದಲ ವರ್ಷ ತಲೆಗೆ 66 ಕೂಪನ್. ಗಂಡಸರ ಮೂರು ತುಂಡಿನ ಸೂಟಿಗೆ 26: ಕೋಟಿಗೆ 13, ಒಳಗಿನ ವೇಸ್ಟ್‌ಕೋಟಿಗೆ 5, ಪ್ಯಾಂಟಿಗೆ 8. ಹೆಂಗಸರ ಉಣ್ಣೆ ಫ್ರಾಕಿಗೆ 11. ಶೂ ಗಂಡಸರಿಗಾದರೆ 7, ಹೆಂಗಸರಿಗಾದರೆ 5. ಕಾಲಿಗೆ ಹಾಕುವ ಸ್ಟಾಕಿಂಗ್ ಒಂದು ಜೊತೆಗೆ 2. ಮುಂದಿನ ವರ್ಷ 66 ಹೋಗಿ 48 ಆಯಿತು. ಆಮೇಲೂ ಇಳಿಯುತ್ತಲೇ ಹೋಯಿತು. ಕೂಪನ್ ಕೊಟ್ಟರೆ ಬಟ್ಟೆ ಪುಕ್ಕಟೆ ಅಂತ ಅಂದುಕೊಳ್ಳಬೇಡಿ. ದುಡ್ಡೂ ಕೊಡಬೇಕು, ಕೂಪನ್ನೂ ಕೊಡಬೇಕು.

ಕಾರಣ ಗೊತ್ತೇ ಇದೆ. ಹತ್ತಿ, ಉಣ್ಣೆ ಎರಡೂ ಹಡಗಿನಲ್ಲಿ ಬರಬೇಕು. ಸಮುದ್ರದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಕಾದು ಕೂತಿವೆ. ಬಟ್ಟೆ ಕಾರ್ಖಾನೆಯ ಕೆಲಸಗಾರರು ಮದ್ದುಗುಂಡು ಕಾರ್ಖಾನೆಗೆ ಬೇಕು. ಇರುವ ಬಟ್ಟೆ ಸಮವಸ್ತ್ರಕ್ಕೆ ಬೇಕು. ದೇಶದ ಕಾಲು ಭಾಗದಷ್ಟು ಜನಕ್ಕೆ ಯಾವುದಾದರೊಂದು ಸಮವಸ್ತ್ರ ಹೊಲಿಸಬೇಕಾದ ಕಾಲ ಅದು.

ನಿಮ್ಮ ಪ್ರಶ್ನೆಗೆ ಉತ್ತರ ಆ ಪಟ್ಟಿಯಲ್ಲಿ ಏನಿಲ್ಲ ಎನ್ನುವುದರಲ್ಲಿದೆ. ಟೋಪಿಗೆ ಕೂಪನ್ ಇರಲಿಲ್ಲ. ಕೂದಲಿಗಂತೂ ಯಾವ ಸರ್ಕಾರವೂ ಕೂಪನ್ ಇಡಲಾರದು. ಕೂಪನ್ ಕೇಳದ ಜಾಗಕ್ಕೆ ಶೋಕಿ ಹೋಗಿ ಕೂತಿತು, ಅಷ್ಟೇ.

ಸುಮ್ನೆ ಓದುಗ:
ಮೇಷ್ಟ್ರೇ, ರೇಷನ್ ಬಂದರೆ ಬಟ್ಟೆ ಕಡಿಮೆ ಕೊಳ್ಳಬಹುದು, ಸರಿ. ಬಟ್ಟೆಯ ಆಕಾರ ಯಾಕೆ ಬದಲಾಗಬೇಕು? ಅವೇ 11 ಕೂಪನ್ನಿಗೆ ನೆರಿಗೆ ನೆರಿಗೆ ಫ್ರಾಕ್ ಕೊಳ್ಳಬಹುದಿತ್ತಲ್ವಾ?

ಹಾಸನದ ಮೇಷ್ಟ್ರು:
ಕೊಳ್ಳೋಕೆ ಅದು ಅಂಗಡಿಯಲ್ಲಿ ಇರಬೇಕಲ್ಲ! 1942ರಲ್ಲಿ ಹೊಲಿಯುವವರಿಗೇ ಕಟ್ಟಳೆ ಬಂತು. ಹೆಂಗಸರ ಫ್ರಾಕಿಗೆ ಹೆಚ್ಚೆಂದರೆ ಎರಡು ಜೇಬು, ಐದು ಗುಂಡಿ. ಸ್ಕರ್ಟಿನಲ್ಲಿ ತುಂಡು ಜೋಡಿಸುವ ಹೊಲಿಗೆ ಆರು ಮೀರುವಂತಿಲ್ಲ. ಅಗಲ ನೆರಿಗೆಯಾದರೆ ಎರಡು, ಸಣ್ಣ ನೆರಿಗೆಯಾದರೆ ನಾಲ್ಕು. ಕಸೂತಿ, ಲೇಸ್, ಸುಮ್ಮನೆ ಅಂದಕ್ಕೆ ಹಾಕುವ ಗುಂಡಿ, ಯಾವುದೂ ಇಲ್ಲ. ಗಂಡಸರ ಕೋಟಿಗೆ ಮೂರೇ ಜೇಬು. ಎದೆಯ ಮೇಲೆ ಒಂದರ ಮೇಲೊಂದು ಬರುವ ಡಬಲ್ ಬ್ರೆಸ್ಟ್ ಕೋಟು ಬಂದ್. ಪ್ಯಾಂಟಿನ ಕೆಳಗಿನ ಮಡಿಕೆಯೂ ಬಂದ್.

ಕತ್ತರಿ ದಾವಣಗೆರೆ:
ನಾನು ಟೈಲರ್. ಆ ಮಡಿಕೆ ವಿಷಯ ಬಂದಿದ್ದಕ್ಕೆ ಬರೀತಿದ್ದೀನಿ.

ಒಂದೂವರೆ ಇಂಚಿನ ಮಡಿಕೆ ಬೇಕೆಂದರೆ ಕಾಲಿನ ಉದ್ದಕ್ಕೆ ಮೂರು ಇಂಚು ಜಾಸ್ತಿ ಬಿಡಬೇಕು. ಬಟ್ಟೆಯ ಪನ್ನದಲ್ಲಿ, ಅಂದರೆ ಅಗಲದಲ್ಲಿ, ಎರಡೂ ಕಾಲು ಪಕ್ಕಪಕ್ಕ ಕೂರುತ್ತವೆ. ಅಂದರೆ ಒಂದು ಪ್ಯಾಂಟಿಗೆ ಉಳಿಯುವುದು ಮೂರು ಇಂಚಿನ ಪಟ್ಟಿ. ಒಂದು ಪ್ಯಾಂಟ್ ಮುಂದಿಟ್ಟುಕೊಂಡು ನೋಡಿದರೆ ಇದೇನು ಮಹಾ ಅನಿಸುತ್ತೆ. ಆದರೆ ಮೂರು ಇಂಚಿನ ಹಾಗೆ ಹನ್ನೆರಡು ಪ್ಯಾಂಟಿಗೆ ಒಂದು ಗಜ ಆಯಿತು. ಲಕ್ಷ ಪ್ಯಾಂಟ್ ಲೆಕ್ಕ ಹಾಕಿ. ಸರ್ಕಾರದವರು ನೋಡಿದ್ದು ಆ ಲೆಕ್ಕ.

ಇನ್ನೊಂದು ಕಡೆ ನೋಡಿದರೆ ಈ ಕಾನೂನು ದಡ್ಡತನ. ಮಡಿಕೆ ಅಂದದ್ದು ಮಾತ್ರ ಅಲ್ಲ. ಪ್ಯಾಂಟ್ ಮೊದಲು ಸವೆಯುವುದೇ ಕೆಳ ಅಂಚಿನಲ್ಲಿ, ಶೂ ಉಜ್ಜುವ ಕಡೆ. ಮಡಿಕೆ ಇದ್ದರೆ ಬಿಚ್ಚಿ, ಸವೆದ ಅಂಚನ್ನು ಒಳಗೆ ತಿರುಗಿಸಿ ಮತ್ತೆ ಹೊಲಿಯಬಹುದು. ಬೆಳೆಯುವ ಹುಡುಗನ ಪ್ಯಾಂಟಾದರೆ ಉದ್ದ ಬಿಡಬಹುದು. ಮೂರು ಇಂಚು ಉಳಿಸೋಕೆ ಹೋಗಿ ಪ್ಯಾಂಟಿನ ಆಯಸ್ಸು ಕಡಿಮೆ ಮಾಡಿದ ಹಾಗೆ. ಡಬಲ್ ಬ್ರೆಸ್ಟ್ ನಿಲ್ಲಿಸಿದ್ದು ಮಾತ್ರ ಸರಿ. ಅದರಲ್ಲಿ ನಿಜವಾಗಿಯೂ ಬಟ್ಟೆ ಜಾಸ್ತಿ, ಅಸ್ತರೂ ಜಾಸ್ತಿ, ಗುಂಡಿ ಎರಡು ಸಾಲು.

ಹಾಸನದ ಮೇಷ್ಟ್ರು:
ಅಲ್ಲಿನ ಗಂಡಸರೂ ಇದನ್ನೇ ಹೇಳಿದರು ಸ್ವಾಮಿ, ಇನ್ನೂ ಜೋರಾಗಿ. ಬಾಂಬು ಬಿದ್ದಾಗ ತಾಳಿಕೊಂಡವರು ಪ್ಯಾಂಟಿನ ಮಡಿಕೆಗೆ ಗಲಾಟೆ ಎಬ್ಬಿಸಿದರು! ಆಗ ಬೋರ್ಡ್ ಆಫ್ ಟ್ರೇಡ್‌ನಲ್ಲಿ ಇದ್ದವರು ಹ್ಯೂ ಡಾಲ್ಟನ್. ಬೈಗುಳವೆಲ್ಲ ಅವರಿಗೆ. ಜನ ದಾರಿಯನ್ನೂ ಹುಡುಕಿಕೊಂಡರು. ತಮ್ಮ ಅಳತೆಗಿಂತ ಉದ್ದದ ಪ್ಯಾಂಟ್ ಕೊಂಡು ಮನೆಯಲ್ಲಿ ಮಡಿಸಿ ಹೊಲಿದುಕೊಳ್ಳುವುದು. ಆಗ ಉಳಿದ ಬಟ್ಟೆ ಎಷ್ಟು? ಸೊನ್ನೆ. 1944ರ ಹೊತ್ತಿಗೆ ಗಂಡಸರ ಸೂಟಿನ ಮೇಲಿನ ಈ ಕಟ್ಟಳೆಗಳನ್ನು ತೆಗೆಯಲೇಬೇಕಾಯಿತು. ಹೆಂಗಸರ ಕಟ್ಟಳೆ ಅದಕ್ಕಿಂತ ಹೆಚ್ಚು ಕಾಲ ನಿಂತಿತು, ಅದನ್ನೂ ಗಮನಿಸಿ.

ಲೆಸ್ಟರ್ ಕನ್ನಡತಿ:
ಇಲ್ಲಿ ಹಳೇ ಬಟ್ಟೆ ಮಾರುವ ಅಂಗಡಿಗಳಲ್ಲಿ ಆ ಕಾಲದ ಕೋಟು ಇವತ್ತಿಗೂ ಸಿಗುತ್ತೆ. ಗುರುತು ಹಿಡಿಯುವುದು ಲೇಬಲ್ ನೋಡಿ. ಒಂದು ತುಂಡು ಕತ್ತರಿಸಿ ತೆಗೆದ ದುಂಡು ಎರಡು, ಪಕ್ಕದಲ್ಲಿ 41. ಸಿಸಿ41 ಅಂತ ಕರೀತಾರೆ. ಸರ್ಕಾರ ಬಟ್ಟೆಯ ಗುಣಮಟ್ಟ, ಬೆಲೆ ಎರಡನ್ನೂ ಗೊತ್ತುಮಾಡಿ ಮಾಡಿಸಿದ ‘ಯುಟಿಲಿಟಿ’ ಬಟ್ಟೆ ಇದು. ನಾನು ಕೈಯಲ್ಲಿ ಹಿಡಿದು ನೋಡಿದ ಕೋಟಿನ ಉಣ್ಣೆ ಗಟ್ಟಿಯಾಗಿತ್ತು, ಹೊಲಿಗೆ ಅಚ್ಚುಕಟ್ಟು. ಒಳಗೆ ತಿರುಗಿಸಿದರೆ ಮಾತ್ರ ಜಿಪುಣತನ ಕಾಣುತ್ತೆ. ಹೊಲಿಗೆಯ ಆಚೆ ಬಿಟ್ಟ ಬಟ್ಟೆ ತೀರಾ ಕಡಿಮೆ, ದಪ್ಪ ಆದರೆ ಬಿಚ್ಚಿ ಅಗಲ ಮಾಡೋಕೆ ಜಾಗವೇ ಇಲ್ಲ. ಹೊರಗಿನಿಂದ ನೋಡಿದರೆ ಇವತ್ತೂ ಹಾಕ್ಕೊಂಡು ಆಫೀಸಿಗೆ ಹೋಗಬಹುದು.

ಅದಕ್ಕೆ ಕಾರಣ ಇದೆ. ರಾಜಮನೆತನಕ್ಕೆ ಹೊಲಿಯುತ್ತಿದ್ದ ನಾರ್ಮನ್ ಹಾರ್ಟ್ನೆಲ್, ಹಾರ್ಡಿ ಏಮೀಸ್, ಡಿಗ್ಬಿ ಮಾರ್ಟನ್, ವಿಕ್ಟರ್ ಸ್ಟೀಬೆಲ್ ಇಂಥವರಿಂದ 1942ರಲ್ಲಿ ಮಾದರಿ ಮಾಡಿಸಿದರು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಅವನ್ನು ಕಾಪಾಡಿ ಇಟ್ಟಿದ್ದಾರೆ. ಮೊದಲು ಅಂಥವರ ಹತ್ತಿರ ಹೊಲಿಸೋಕೆ ಸಾಹುಕಾರರಿಗೆ ಮಾತ್ರ ಆಗ್ತಿತ್ತು. ಯುದ್ಧದಲ್ಲಿ ಅದೇ ಕೈಯ ಕಟಿಂಗು ಅಂಗಡಿ ಹುಡುಗಿಯ ಮೈಮೇಲೂ ಬಂತು.

ಸುಮ್ನೆ ಓದುಗ:
ಕೇಳೋಕೆ ಚೆನ್ನಾಗಿದೆ ಮೇಡಂ. ಆದರೆ ‘ಎಲ್ಲರಿಗೂ ಸಮ’ ಅನ್ನೋದು ಸರ್ಕಾರದ ಮಾತು. ಯುದ್ಧ ಶುರುವಾದಾಗ ಬೀರು ತುಂಬ ಕೋಟು ಇದ್ದವಳಿಗೆ 66 ಕೂಪನ್ ಬೋನಸ್ಸು. ಒಂದೇ ಕೋಟು ಇದ್ದವಳಿಗೂ ಅಷ್ಟೇ 66. ಅವಳಿಗೆ ಆ 66ಕ್ಕೂ ಬಟ್ಟೆ ಕೊಳ್ಳೋಕೆ ದುಡ್ಡಿಲ್ಲ, ಅದನ್ನ ಇನ್ಯಾರಿಗೋ ಮಾರಿದಳು.

ಹಾಸನದ ಮೇಷ್ಟ್ರು:
ಒಪ್ಪಿದೆ. ಕೂಪನ್ ಮಾರಾಟ ಕಾನೂನಿಗೆ ವಿರುದ್ಧ, ಆದರೂ ನಡೆಯುತ್ತಿತ್ತು. ಮೊದಲೇ ಒಳ್ಳೇ ಬಟ್ಟೆ ಇದ್ದವರಿಗೆ ಅದು ವರ್ಷಗಟ್ಟಲೆ ಬಾಳಿಕೆ ಬಂತು, ಬಡವರದ್ದು ಬೇಗ ಹರಿಯಿತು. ಆದರೆ ಯುಟಿಲಿಟಿ ಬಟ್ಟೆಗೆ ಬೆಲೆ ಕಟ್ಟಿದ್ದರು, ಮಾರಾಟ ತೆರಿಗೆಯನ್ನೂ ತೆಗೆದರು. ಅದಿಲ್ಲದಿದ್ದರೆ ಬಡವರ ಗತಿ ಇನ್ನೂ ಕೆಡುತ್ತಿತ್ತು.

ತುರುಬಿನ ಶಾರದೆ:
ಎಲ್ಲರೂ ಬಟ್ಟೆ ಬಟ್ಟೆ ಅಂತೀರಿ, ಕೂದಲಿನ ಕಡೆ ಯಾರೂ ಬರ್ತಾನೇ ಇಲ್ಲ. ನಾನು ಮೈಸೂರಿನಲ್ಲಿ ಪಾರ್ಲರ್ ನಡೆಸ್ತೀನಿ. ಹಳೇ ಕಾಲದ ಸ್ಟೈಲ್ ಬೇಕು ಅಂತ ಫೋಟೋಶೂಟಿಗೆ ಬರುವ ಹುಡುಗಿಯರಿಗೆ ಈ ಸುರುಳಿ ಮಾಡಿದ್ದೀನಿ. ಅದಕ್ಕೆ ಬೇಕಾಗುವ ಪಿನ್ನು ನೋಡಿದರೆ ಗಾಬರಿ ಆಗಬೇಕು. ಯುದ್ಧದ ಇಂಗ್ಲೆಂಡಿನಲ್ಲಿ ಹೇರ್‌ಪಿನ್ನೇ ಸಿಗುತ್ತಿರಲಿಲ್ಲ, ಕಬ್ಬಿಣ ಉಕ್ಕು ಎಲ್ಲ ಬಂದೂಕಿಗೆ. ಒಂದು ಪಿನ್ ಕಳೆದರೆ ನೆಲದ ಮೇಲೆ ಕೂತು ಹುಡುಕಬೇಕು.

ಅವರು ಮಾಡಿದ ಉಪಾಯ ಹೇಳ್ತೀನಿ ಕೇಳಿ. ಹರಿದ ಸ್ಟಾಕಿಂಗ್ ಒಂದನ್ನು ತಲೆಯ ಸುತ್ತ ಪಟ್ಟಿ ಹಾಗೆ ಕಟ್ಟುವುದು. ಇಳಿಬಿಟ್ಟ ಕೂದಲನ್ನು ತುದಿಯಿಂದ ಸ್ವಲ್ಪ ಸ್ವಲ್ಪವೇ ತೆಗೆದುಕೊಂಡು ಆ ಪಟ್ಟಿಯ ಮೇಲಿಂದ ಒಳಗೆ ತುರುಕುತ್ತಾ ಹೋಗುವುದು. ಒಂದು ಸುತ್ತು ಬಂದರೆ ಕುತ್ತಿಗೆಯ ಹಿಂದೆ ದಪ್ಪ ಸುರುಳಿ ಕೂರುತ್ತೆ. ಪಿನ್ನು ಬಹುಶಃ ಒಂದೆರಡು ಸಾಕು. ಮೊನ್ನೆ ನಾನೇ ರಿಬ್ಬನ್ ಕಟ್ಟಿ ಮಾಡಿ ನೋಡಿದೆ. ಸಂಜೆಯವರೆಗೂ ಅಲ್ಲಾಡಲಿಲ್ಲ. ಸೈನ್ಯದ ಹೆಂಗಸರ ದಳಗಳಲ್ಲಿ ಕೂದಲು ಕಾಲರಿಗೆ ತಾಗಬಾರದು ಅನ್ನುವ ನಿಯಮ. ಕತ್ತರಿಸಿಕೊಳ್ಳೋಕೆ ಮನಸ್ಸಿಲ್ಲ. ಹಗಲು ಸುರುಳಿ ಸುತ್ತಿ ಕಾಲರಿನ ಮೇಲೆ, ರಾತ್ರಿ ಕುಣಿಯೋಕೆ ಹೋಗುವಾಗ ಬಿಚ್ಚಿ ಭುಜದ ಮೇಲೆ!

ಸೆಟ್ ಮಾಡೋ ಲೋಷನ್ ಬದಲು ಸಕ್ಕರೆ ನೀರು. ಸಕ್ಕರೆಗೂ ರೇಷನ್ ಇತ್ತು, ಆದರೂ ತಲೆಗೆ ಸ್ವಲ್ಪ ಎತ್ತಿಡುತ್ತಿದ್ದರು.

ಹಳೇ ಫೋಟೋ:
ಶಾರದಕ್ಕ, ಇದನ್ನೇ ಕೇಳಬೇಕಿತ್ತು ನನಗೆ. ಕಾರ್ಖಾನೆ ಫೋಟೋಗಳಲ್ಲಿ ತಲೆಗೆ ಬಟ್ಟೆ ಸುತ್ತಿರ್ತಾರಲ್ಲ, ಹಣೆಯ ಮೇಲೆ ಗಂಟು ಹಾಕಿ, ಅದು?

ತುರುಬಿನ ಶಾರದೆ:
ಅದು ಮೊದಲು ಜೀವಕ್ಕೆ, ಆಮೇಲೆ ಚೆಂದಕ್ಕೆ. 1941ರ ಡಿಸೆಂಬರ್‌ನಿಂದ ಮದುವೆಯಾಗದ 20ರಿಂದ 30ರ ಹೆಂಗಸರನ್ನು ಕಾನೂನು ಮಾಡಿಯೇ ಯುದ್ಧದ ಕೆಲಸಕ್ಕೆ ಕರೆದರು. ಲೇತ್, ಡ್ರಿಲ್ಲಿಂಗ್ ಮೆಷಿನ್ ಪಕ್ಕ ಉದ್ದ ಕೂದಲು ಬಿಟ್ಟು ನಿಂತರೆ ಏನಾಗುತ್ತೆ ಹೇಳಬೇಕಾ? ಅಮೆರಿಕದಲ್ಲಿ ವೆರೋನಿಕಾ ಲೇಕ್ ಅಂತ ಸಿನಿಮಾ ನಟಿ, ಒಂದು ಕಣ್ಣು ಮುಚ್ಚುವ ಹಾಗೆ ಕೂದಲು ಇಳಿಬಿಡುತ್ತಿದ್ದಳು. ಕಾರ್ಖಾನೆ ಹುಡುಗಿಯರೂ ಹಾಗೇ ಬಿಟ್ಟರು. ಕೊನೆಗೆ ಸರ್ಕಾರದವರು ಕೇಳಿಕೊಂಡು, 1943ರಲ್ಲಿ ಅವಳು ಕೂದಲು ಎತ್ತಿ ಕಟ್ಟಿ ಫೋಟೋ ತೆಗೆಸಿಕೊಂಡಳು.

ತಲೆಬಟ್ಟೆಯ ಇನ್ನೊಂದು ಲಾಭ: ಒಳಗೆ ಕರ್ಲರ್ ಇಟ್ಟುಕೊಂಡೇ ಇಡೀ ದಿನ ಕೆಲಸ ಮಾಡಬಹುದು. ಸಂಜೆ ಬಿಚ್ಚಿದರೆ ಗುಂಗುರು ರೆಡಿ. ತಲೆ ತೊಳೆದು ಎಷ್ಟು ದಿನ ಆಯಿತು ಅಂತ ಯಾರಿಗೂ ಕಾಣಲ್ಲ. 1942ರ ಫೆಬ್ರವರಿಯಿಂದ ಸೋಪಿಗೂ ರೇಷನ್ ಅಲ್ವಾ.

ಸುಮ್ನೆ ಓದುಗ:
ಗಂಡಸರ ಕೂದಲಿಗೆ ಏನೂ ಆಗಲಿಲ್ವಾ?

ಹಾಸನದ ಮೇಷ್ಟ್ರು:
ಹೇಳುವಂಥದ್ದು ಕಡಿಮೆ. ಹಿಂದೆ, ಪಕ್ಕದಲ್ಲಿ ಸಣ್ಣಗೆ, ಮೇಲೆ ಕ್ರೀಮು ಹಚ್ಚಿ ಬಾಚಿದ್ದು. ಸೈನ್ಯದ ಕಟಿಂಗೇ ಊರಿನ ಕಟಿಂಗೂ ಆಯಿತು. ಗೋಳು ಇದ್ದದ್ದು ಗಡ್ಡದ್ದು. ಶೇವಿಂಗ್ ಸೋಪಿಗೆ ರೇಷನ್ ಇರಲಿಲ್ಲ, ಬ್ಲೇಡಿಗೆ ಮಾತ್ರ ವಿಪರೀತ ಅಭಾವ. ಒಂದೇ ಬ್ಲೇಡನ್ನು ಗಾಜಿನ ಲೋಟದ ಒಳಮೈಗೆ ಉಜ್ಜಿ ಉಜ್ಜಿ ಹರಿತ ಮಾಡಿಕೊಳ್ಳುತ್ತಿದ್ದರು.

ಕತ್ತರಿ ದಾವಣಗೆರೆ:
ಇಲಾಸ್ಟಿಕ್ ಬಗ್ಗೆ ಯಾರಾದರೂ ಹೇಳಿ. ಜಪಾನಿನವರು ಮಲಯ ಹಿಡಿದ ಮೇಲೆ ರಬ್ಬರ್ ಎಲ್ಲಿಂದ ಬಂತು?

ಲೆಸ್ಟರ್ ಕನ್ನಡತಿ:
ಬರಲಿಲ್ಲ! ಹೆಂಗಸರ ಚಡ್ಡಿ, ಕಾರ್ಸೆಟ್ ಬಿಟ್ಟು ಬೇರೆ ಯಾವ ಸೊಂಟಕ್ಕೂ ಇಲಾಸ್ಟಿಕ್ ಹಾಕುವ ಹಾಗಿಲ್ಲ ಅಂತ ನಿಯಮ ಮಾಡಿದರು. ಉಳಿದವರಿಗೆ ಗುಂಡಿಯೋ ಲಾಡಿಯೋ.

ಸ್ಟಾಕಿಂಗ್ ಕಥೆ ಇನ್ನೂ ತಮಾಷೆ. ರೇಷ್ಮೆ ಇಲ್ಲ, ನೈಲಾನ್ ಇಲ್ಲ, ಬರಿಗಾಲಲ್ಲಿ ಹೊರಗೆ ಹೋಗೋಕೆ ನಾಚಿಕೆ. ಅದಕ್ಕೆ ಮಾಂಸದ ಸಾರಿಗೆ ಬಣ್ಣ ಬರಲಿ ಅಂತ ಹಾಕುವ ಕಂದು ಪುಡಿಯನ್ನು ನೀರಲ್ಲಿ ಕಲಸಿ ಕಾಲಿಗೆ ಬಳಿದುಕೊಳ್ಳುವುದು. ಆಮೇಲೆ ಗೆಳತಿ ಹಿಂದೆ ಕೂತು ಹುಬ್ಬಿನ ಪೆನ್ಸಿಲ್ಲಿನಿಂದ ಹಿಮ್ಮಡಿಯಿಂದ ಮೇಲಕ್ಕೆ ಗೆರೆ ಎಳೆಯಬೇಕು, ಸ್ಟಾಕಿಂಗಿನ ಹೊಲಿಗೆ ಹಾಗೆ ಕಾಣಲಿ ಅಂತ. ಇಂಗ್ಲೆಂಡಿನ ಮಳೆಯಲ್ಲಿ ಅದು ಎಷ್ಟು ಹೊತ್ತು ನಿಲ್ಲುತ್ತೆ ಅಂತ ಇಲ್ಲಿರುವ ನನಗೆ ಚೆನ್ನಾಗಿ ಗೊತ್ತು.

ಬಿನ್ನಿಪೇಟೆ ಅಜ್ಜ:
ಮಕ್ಕಳೇ, ಇಂಗ್ಲೆಂಡಿನ ಕಥೆ ಓದಿ ಖುಷಿಯಾಯಿತು. ಅದೇ ಯುದ್ಧಕ್ಕೆ ನಮ್ಮ ಕಡೆಯಿಂದ ಹೋದ ಬಟ್ಟೆಯ ಮಾತೂ ಸ್ವಲ್ಪ ಇರಲಿ. ನಮ್ಮ ಬೆಂಗಳೂರಿನ ಬಿನ್ನಿ ಮಿಲ್ಲಿನಲ್ಲಿ ಆಗ ಸೈನ್ಯಕ್ಕೆ ಖಾಕಿ ನೇಯುತ್ತಿದ್ದರು. ಜಪಾನಿನ ರೇಷ್ಮೆ ನಿಂತ ಮೇಲೆ ನಮ್ಮ ಮೈಸೂರು ಸೀಮೆಯ ರೇಷ್ಮೆಗೂ ಎಲ್ಲಿಲ್ಲದ ಬೇಡಿಕೆ ಬಂತು. ಪ್ಯಾರಾಶೂಟಿಗೆ ರೇಷ್ಮೆ ಬೇಕಿತ್ತು.

ದೇಶದ ಮಿಲ್ಲುಗಳು ಸೈನ್ಯಕ್ಕೆ ನೇಯುತ್ತಿದ್ದರೆ ಊರಿನವರಿಗೆ ಏನು ಉಳಿಯುತ್ತೆ? ಬೆಲೆ ಆಕಾಶಕ್ಕೆ ಹೋಯಿತು. 1943ರಲ್ಲಿ ಸರ್ಕಾರ ಹತ್ತಿ ಬಟ್ಟೆ, ನೂಲಿನ ಮೇಲೆ ಕಂಟ್ರೋಲ್ ತಂದಿತು. ಬಟ್ಟೆಯ ಮೇಲೆ ಬೆಲೆಯ ಮುದ್ರೆ ಒತ್ತಬೇಕು ಎಂದಿತು. ‘ಸ್ಟ್ಯಾಂಡರ್ಡ್ ಕ್ಲಾತ್’ ಎಂದು ಅಗ್ಗದ ಬಟ್ಟೆಯನ್ನೂ ಮಾಡಿಸಿತು. ನಮ್ಮಮ್ಮ ಕೊನೆಯವರೆಗೂ ದಪ್ಪನೆ ಒರಟು ಸೀರೆ ಕಂಡರೆ ‘ಕಂಟ್ರೋಲ್ ಸೀರೆ’ ಎನ್ನುತ್ತಿದ್ದರು. ಬಂಗಾಳದ ಬರಗಾಲದಲ್ಲಿ ಉಡಲು ಬಟ್ಟೆ ಇಲ್ಲದೆ ಹೆಂಗಸರು ಮನೆಯಿಂದ ಹೊರಗೆ ಬರಲಾರದೆ ಹೋದರು. ಅಲ್ಲಿ ಮಡಿಕೆ ಬೇಕೋ ಬೇಡವೋ ಎಂಬ ಜಗಳ, ಇಲ್ಲಿ ಮಾನ ಮುಚ್ಚಲು ಒಂದು ತುಂಡು.

ಹಾಸನದ ಮೇಷ್ಟ್ರು:
ಅಜ್ಜಾರೇ, ಇದನ್ನು ಹೇಳಿದ್ದು ಒಳ್ಳೇದಾಯಿತು. ಇಂಗ್ಲೆಂಡಿನ ಅಭಾವಕ್ಕೆ ಒಂದು ವ್ಯವಸ್ಥೆ ಇತ್ತು. ಎಲ್ಲರ ಕೈಯಲ್ಲೂ ಪುಸ್ತಕ ಇತ್ತು, ಎಲ್ಲರ ಹೆಸರಲ್ಲೂ ಪಾಲು ಇತ್ತು. ಫ್ಯಾಷನ್ ಬಗ್ಗೆ ತಲೆ ಕೆಡಿಸಿಕೊಳ್ಳೋಕೆ ಅಷ್ಟಾದರೂ ಬೇಕು.

ತುರುಬಿನ ಶಾರದೆ:
ಪ್ಯಾರಿಸ್ಸಿನದ್ದು ಸ್ವಲ್ಪ ಸೇರಿಸಲಾ? ಅಲ್ಲಿ ಜರ್ಮನ್ನರು ಬಂದು ಕೂತಿದ್ದರು. ಚರ್ಮ ಇಲ್ಲ, ಹಾಗಾಗಿ ಮರದ ಅಟ್ಟೆಯ ಚಪ್ಪಲಿ, ಬೀದಿಯಲ್ಲಿ ಟಕಟಕ ಸದ್ದು. ಟೋಪಿ ಮಾತ್ರ ಎತ್ತರ ಎತ್ತರ ಬೆಳೆಯಿತು, ಹಳೇ ನ್ಯೂಸ್‌ಪೇಪರಿನಲ್ಲೂ ಟೋಪಿ ಮಾಡಿದರು. ಕರೆಂಟಿಗೂ ತತ್ವಾರ. 1944ರಲ್ಲಿ ಗೆರ್ವೆ ಅನ್ನೋ ಸಲೂನಿನಲ್ಲಿ ನೆಲಮಾಳಿಗೆಯಲ್ಲಿ ಹುಡುಗರು ಸೈಕಲ್ ತುಳಿಯೋದು, ಆ ಬಲದಿಂದ ಮೇಲೆ ಕೂದಲು ಒಣಗಿಸುವ ಯಂತ್ರಕ್ಕೆ ಬಿಸಿಗಾಳಿ. ಫೋಟೋಗ್ರಾಫರ್ ಲೀ ಮಿಲ್ಲರ್ ಅದರ ಫೋಟೋ ತೆಗೆದಿದ್ದಾರೆ, ಹುಡುಕಿ ನೋಡಿ. ನಮ್ಮ ಪಾರ್ಲರಿನಲ್ಲಿ ಕರೆಂಟ್ ಹೋದಾಗೆಲ್ಲ ನನಗೆ ಆ ಹುಡುಗರು ನೆನಪಾಗ್ತಾರೆ.

ಜಪಾನಿನಲ್ಲಿ ಪರ್ಮ್, ಅಂದರೆ ತಿಂಗಳುಗಟ್ಟಲೆ ನಿಲ್ಲುವ ಗುಂಗುರು, ಮಾಡಿಸಿಕೊಳ್ಳುವುದೇ ದೇಶದ್ರೋಹ ಅನ್ನೋ ಹಾಗೆ ಪ್ರಚಾರ ಮಾಡಿದರು. ಹೆಂಗಸರು ಬಿಡಲಿಲ್ಲ. ಕರೆಂಟ್ ಇಲ್ಲದಿದ್ದರೆ ಮನೆಯಿಂದ ಇದ್ದಿಲು ಹಿಡಿದುಕೊಂಡು ಹೋಗಿ ಅದರ ಕಾವಿನಲ್ಲೇ ಮಾಡಿಸಿಕೊಂಡು ಬಂದರು.

ಸುಮ್ನೆ ಓದುಗ:
ಗಂಡಸರು ಎಲ್ಲೂ ಎದುರು ನಿಲ್ಲಲಿಲ್ಲ ಅನ್ನಿ.

ಹಾಸನದ ಮೇಷ್ಟ್ರು:
ನಿಂತರು. ಅದೇ ಪ್ಯಾರಿಸ್ಸಿನಲ್ಲಿ ‘ಜಾಜೂ’ ಹುಡುಗರು. ಬಟ್ಟೆ ಉಳಿಸಿ ಎಂದರೆ ತೊಡೆಯವರೆಗೆ ಕೋಟು ಹೊಲಿಸಿದರು. 1942ರಲ್ಲಿ ಸಲೂನುಗಳಿಂದ ಕೂದಲು ಕೂಡಿಸಿ ಚಪ್ಪಲಿ ಮಾಡುತ್ತೇವೆ ಎಂದು ಆಜ್ಞೆ ಬಂತು. ಇವರು ಕೂದಲು ಕತ್ತರಿಸುವುದನ್ನೇ ಬಿಟ್ಟರು! ಬೀದಿಯಲ್ಲಿ ಹಿಡಿದು ತಲೆ ಬೋಳಿಸಿದ್ದೂ ಉಂಟು. ಅಮೆರಿಕದಲ್ಲಿ ಜೂಟ್ ಸೂಟ್ ಎಂದು ದೊಗಳೆ ಪ್ಯಾಂಟು, ಉದ್ದ ಕೋಟಿನ ಸೂಟು. 1943ರ ಜೂನ್‌ನಲ್ಲಿ ಲಾಸ್ ಏಂಜಲಿಸ್‌ನಲ್ಲಿ ನೌಕಾಪಡೆಯವರು ಅದನ್ನು ತೊಟ್ಟ ಮೆಕ್ಸಿಕನ್ ಮೂಲದ ಹುಡುಗರನ್ನು ಹುಡುಕಿ ಹೊಡೆದು ಬಟ್ಟೆ ಹರಿದರು. ‘ಬಟ್ಟೆ ಪೋಲು’ ಅನ್ನೋದು ನೆಪ. ಒಳಗಿದ್ದದ್ದು ಜನಾಂಗ ದ್ವೇಷ.

ಇನ್ನೊಂದು ಮಾತು. ಅಭಾವವೇ ಎಲ್ಲವನ್ನೂ ಹುಟ್ಟಿಸಿತು ಅನ್ನಬೇಡಿ. ಚೌಕ ಭುಜ, ಮೊಣಕಾಲಿನ ಸ್ಕರ್ಟು, ಮೇಲೆತ್ತಿದ ಕೂದಲು, ಮೂರೂ ಯುದ್ಧಕ್ಕೆ ಮುಂಚೆಯೇ ಶುರುವಾಗಿದ್ದವು. ಮಾಮೂಲಿಯಾಗಿ ಎರಡು ಮೂರು ವರ್ಷಕ್ಕೆ ಹೋಗಬೇಕಾದ ಫ್ಯಾಷನ್ ಹೋಗದೆ ನಿಂತುಬಿಟ್ಟಿತು. ಹೊಸದಕ್ಕೆ ಬಟ್ಟೆ ಎಲ್ಲಿತ್ತು? ನನ್ನ ಪ್ರಕಾರ ಅಭಾವ ಮಾಡಿದ ದೊಡ್ಡ ಕೆಲಸ ಇದು.

ಲೆಸ್ಟರ್ ಕನ್ನಡತಿ:
ಇದು ಸರಿ. ಅದಕ್ಕೇ 1947ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಕ್ರಿಸ್ಟಿಯನ್ ಡಿಯೋರ್ ಗಜಗಟ್ಟಲೆ ಬಟ್ಟೆಯ ಘೇರ್ ಸ್ಕರ್ಟ್ ತಂದಾಗ ಇಲ್ಲಿನ ಮಂತ್ರಿಗಳು ಕಿಡಿಕಿಡಿಯಾದರು. ಇಲ್ಲಿ ಇನ್ನೂ ರೇಷನ್ ನಡೀತಿತ್ತು! ಅದೇ ನವೆಂಬರ್‌ನಲ್ಲಿ ರಾಜಕುಮಾರಿ ಎಲಿಜಬೆತ್ ಮದುವೆ. ಅವರ ಸೀರೆಗೂ, ಅಲ್ಲಲ್ಲ ಗೌನಿಗೂ ಕೂಪನ್ ಬೇಕಾಯಿತು. ಜನ ಪ್ರೀತಿಯಿಂದ ತಮ್ಮ ಕೂಪನ್ ಕಳಿಸಿದರು. ಇನ್ನೊಬ್ಬರ ಕೂಪನ್ ಬಳಸುವಂತಿಲ್ಲ ಅಂತ ಅರಮನೆಯವರು ಅವನ್ನೆಲ್ಲ ವಾಪಸ್ ಕಳಿಸಬೇಕಾಯಿತು. ಬಟ್ಟೆ ರೇಷನ್ ಮುಗಿದಿದ್ದು 1949ರ ಮಾರ್ಚ್ 15ಕ್ಕೆ.

ಕತ್ತರಿ ದಾವಣಗೆರೆ:
ಮೇಡಂ, ಪ್ಯಾರಾಶೂಟ್ ಬಟ್ಟೆಯಲ್ಲಿ ಮದುವೆ ಗೌನ್ ಹೊಲಿದರು ಅಂತಾರಲ್ಲ, ಹೇಗೆ ಹೊಲಿದರು? ಅದು ಒಂದೇ ಹಾಸಿನ ಬಟ್ಟೆ ಅಲ್ವಲ್ಲ.

ಲೆಸ್ಟರ್ ಕನ್ನಡತಿ:
ಅಲ್ಲ. ಮೇಲೆ ಚೂಪು, ಕೆಳಗೆ ಅಗಲ, ಹೀಗೆ ತ್ರಿಕೋನದ ಪಟ್ಟಿಗಳು. ಯುದ್ಧ ಮುಗಿದ ಮೇಲೆ ಆ ಪಟ್ಟಿಗಳನ್ನು ಕೂಪನ್ ಇಲ್ಲದೆ ಮಾರಿದರು. ಮನೆಯಲ್ಲಿ ಒಂದೊಂದೇ ಹೊಲಿಗೆ ಬಿಚ್ಚಿ ಬೇಕಾದ ಹಾಗೆ ಜೋಡಿಸಿಕೊಳ್ಳಬೇಕು. ಬಿಚ್ಚುವುದೇ ದೊಡ್ಡ ಕೆಲಸ, ಪ್ಯಾರಾಶೂಟಿನ ಹೊಲಿಗೆ ಅಲ್ವಾ, ಬಿಟ್ಟುಕೊಳ್ಳಬಾರದು ಅಂತಲೇ ಹಾಕಿದ್ದು.

ಕತ್ತರಿ ದಾವಣಗೆರೆ:
ಹಾಗಾದರೆ ಸ್ಕರ್ಟಿಗೆ ಹೇಳಿ ಮಾಡಿಸಿದ ಹಾಗಿದೆ. ಚೂಪು ತುದಿ ಸೊಂಟಕ್ಕೆ, ಅಗಲ ಕೆಳಕ್ಕೆ. ನಾವು ಕಲಿ ಲಂಗಕ್ಕೆ ಕತ್ತರಿಸುವುದೂ ಹಾಗೇ. ತೋಳು, ಎದೆಭಾಗಕ್ಕೆ ಮಾತ್ರ ಕಷ್ಟ, ಎಲ್ಲ ಕಡೆ ಓರೆ ಬರುತ್ತೆ, ಎಳೆದರೆ ಜಗ್ಗುತ್ತೆ. ನಾನಾಗಿದ್ದರೆ ಎದೆಭಾಗವನ್ನು ಹಳೇ ಬ್ಲೌಸಿನಲ್ಲಿ ಮುಗಿಸಿ, ಪ್ಯಾರಾಶೂಟ್ ಪೂರ್ತಿ ಕೆಳಗೆ ಬಿಡ್ತಿದ್ದೆ.